ಕ್ರಿಸ್ತ ಜಯಂತಿಯ ಕಾಲದಲ್ಲಿ ಹೆಣಿಗೆಯವಳ ದಿನಚರಿ

ಬೆಳಗಾವಿಯು ಸಮುದ್ರ ಮಟ್ಟದಿಂದ ಸುಮಾರು 2500 ಅಡಿ ಎತ್ತರದಲ್ಲಿರುವದರಿಂದ ಇಲ್ಲಿಯ ಚಳಿಯು ಹಿಮಾಲಯದ ಚಳಿಯಲ್ಲದಿದ್ದರೂ ಅಲಕ್ಷ್ಯ ಮಾಡತಕ್ಕ ಚಳಿಯೂ ಅಲ್ಲ. ದೀಪಾವಳಿ ಕಳೆದು ಕಾರ್ತಿಕ ಮಾಸವು ಮುಗಿಯುತ್ತ ಬಂದೊಡನೆ, ಮುಂಜಾನೆಯ ಪ್ರಾರ್ಥನೆಗಾಗಿ ಶಾಲೆಯ ಅಂಗಳದಲ್ಲಿ ನಿಂತ ಹುಡುಗಿಯರು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳತೊಡಗುತ್ತಾರೆ. ಖಾನಾಪುರದ ಕಡೆಗೆ ಹೋದರಂತೂ ಮಲಪ್ರಭೆಯ ಮೇಲಿನ ಮಂಜು ಬಿಸಿಲೇರಿದರೂ ಕರಗದಿರುವದುಂಟು. ಇದೇ ಸಮಯಕ್ಕೆ ಕ್ರಿಸ್ತ ಜಯಂತಿಯೂ ಸಮೀಪಿಸುತ್ತದೆ. ಚಳಿ ಮತ್ತು ಹಬ್ಬ ಇವೆರಡೂ ಕೂಡಿ ಬರುವ ಈ ಆರು ವಾರಗಳಲ್ಲಿ ನಮ್ಮ ಸಭೆಗಳಿಗೆ ಸೇರಿದ ಕೆಲವು ಮನೆಗಳಲ್ಲಿ ಉಣ್ಣೆಯ ಹೆಣಿಗೆಯು ಹಗಲಿರುಳು ನಡೆಯುತ್ತದೆ.

ಹೀಗೆ ಹೆಣೆಯುವವರಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಇದ್ದಾರೆ. ಡಿಸೆಂಬರ್ ತಿಂಗಳ ಎರಡನೆಯ ವಾರದಲ್ಲಿ ಪಾಲಕರಲ್ಲಿ ಯಾರಾದರೊಬ್ಬರು ನನ್ನ ಕೋಣೆಗೆ ಬಂದು, "ಬಾಯಿಯವರೇ, ಹಬ್ಬದೊಳಗೆ ಒಂದು ಸ್ವೆಟರು ಹೆಣೆದು ಕೊಡುವವರು ಇದ್ದರೆ ಹೇಳಿರಿ" ಎಂದು ಕೇಳುವದು ವರುಷ ವರುಷವೂ ತಪ್ಪದು. ಹೆಣೆಯುವವರು ಇದ್ದಾರೆ. ಆದರೆ "ಹಬ್ಬದೊಳಗೆ" ಎಂಬ ಆ ಒಂದು ಮಾತು ಹೆಣೆಯುವವಳ ಮನೆಯಲ್ಲಿ ಎಷ್ಟು ಭಾರವಾಗಿ ಬೀಳುತ್ತದೆಂಬದು ಕೇಳುವವರಿಗೆ ತಿಳಿದಿರುವದಿಲ್ಲ. ಅದನ್ನು ತಿಳಿಸುವದಕ್ಕಾಗಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲು ಹೆಣಿಗೆಯೆಂದರೇನೆಂಬದನ್ನು ನೋಡೋಣ. ನೇಯ್ಗೆಯು ನಮ್ಮ ನಾಡಿಗೆ ಹೊಸದಲ್ಲ. ಶಹಾಪುರ, ವಡಗಾವಿಗಳ ಮಗ್ಗದ ಸದ್ದನ್ನು ಕೇಳದೆ ಬೆಳೆದ ಬೆಳಗಾವಿಯವರಿಲ್ಲ. ಮಗ್ಗದಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಬಗೆಯ ನೂಲುಗಳು ಒಂದನ್ನೊಂದು ಅಡ್ಡವಾಗಿ ದಾಟುತ್ತವೆ. ಹೆಣಿಗೆಯಲ್ಲಾದರೋ ಇರುವದು ಒಂದೇ ಎಳೆ. ಆ ಎಳೆಯನ್ನು ಕುಣಿಕೆಯಾಗಿ ಮಾಡಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದು, ಸಾಲಿನ ಮೇಲೆ ಸಾಲನ್ನು ಏರಿಸುತ್ತ ಹೋಗುತ್ತಾರೆ. ಕುಣಿಕೆಯು ಎಳೆದಾಗ ಅಗಲವಾಗಿ ಬಿಟ್ಟಾಗ ಮುದುಡಿಕೊಳ್ಳುವದರಿಂದ ಹೆಣೆದ ಬಟ್ಟೆಯು ಮೈಗೆ ತಕ್ಕಂತೆ ಹಿಗ್ಗುತ್ತದೆ. ಕುಣಿಕೆಗಳ ನಡುವೆ ಗಾಳಿಯು ಸಿಕ್ಕಿ ನಿಲ್ಲುವದರಿಂದ ಬೆಚ್ಚಗಿರುತ್ತದೆ. ಎದುರಿನಿಂದ ಎಳೆದ ಕುಣಿಕೆಗೆ ಇಲ್ಲಿಯ ಮರಾಠಿ ಮಾತಿನ ಮನೆಗಳಲ್ಲಿ ಸುಲಟವೆಂದೂ ಹಿಂದಿನಿಂದ ಎಳೆದುದಕ್ಕೆ ಉಲಟವೆಂದೂ ಅನ್ನುವರು. ನಮ್ಮ ಹುಡುಗಿಯರು ಕನ್ನಡದಲ್ಲಿಯೂ ಅದೇ ಶಬ್ದಗಳನ್ನು ಬಳಸುತ್ತಾರೆ. ಜಗತ್ತಿನಲ್ಲಿರುವ ಕೈಹೆಣಿಗೆಯ ವಿನ್ಯಾಸಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಸಂಸಾರವೇ.

ಈ ವಿದ್ಯೆಯು ನಮ್ಮಲ್ಲಿಗೆ ಯುರೋಪದವರ ಸಂಗಡ ಬಂದದ್ದು. ಲಂಡನ್ ಮಿಷನ್ನಿನವರು ಬೆಳಗಾವಿಯಲ್ಲಿ 1820ರಲ್ಲಿ ಸೇವೆಯನ್ನು ಆರಂಭಿಸಿದರು. 1904ರಲ್ಲಿ ಅದು ಮೆಥೊಡಿಸ್ಟ ಮಿಷನ್ನಿನವರ ಕೈಗೆ ಬಂದಿತು. ಅಕ್ಷರದ ಸಂಗಡ ಸೂಜಿಯನ್ನೂ ಹುಡುಗಿಯರ ಕೈಗೆ ಕೊಡುವದು ಆ ಕಾಲದ ಮಿಷನ್ ಶಾಲೆಗಳ ಪದ್ಧತಿಯಾಗಿದ್ದಿತು. ಗಂಡನನ್ನು ಕಳಕೊಂಡ ಅಥವಾ ಮನೆಯಿಂದ ಹೊರಗಾದ ಹೆಣ್ಣುಮಗಳಿಗೆ ನಾಲ್ಕು ಕಾಸು ಸಿಗಲೆಂಬದು ಅವರ ಉದ್ದೇಶವು. ಆ ಉದ್ದೇಶವು ಎಷ್ಟರ ಮಟ್ಟಿಗೆ ನೆರವೇರುತ್ತಿದೆಯೆಂಬದನ್ನು ಮುಂದೆ ಹೇಳುತ್ತೇನೆ.

ಉಣ್ಣೆಯ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಕುರಿಗಳಿಗೆ ಕೊರತೆಯಿಲ್ಲ. ಕುರುಬರ ಕಂಬಳಿಯು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ದಖನ್ನಿನ ಕುರಿಯ ಉಣ್ಣೆಯು ಒರಟಾದದ್ದು. ಮಳೆಯಲ್ಲಿ ಹೊದೆಯುವ ಕಂಬಳಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೂಸಿನ ಕೊರಳಿಗೆ ಮಾತ್ರ ಅದು ಚುಚ್ಚುವದು. ಆದದರಿಂದ ಹೆಣಿಗೆಯ ನೂಲು ಬಹುಮಟ್ಟಿಗೆ ಪಂಜಾಬದ ಲುಧಿಯಾನದ ಕಡೆಯಿಂದ ಬರುತ್ತದೆ. ಜನರು ಎಲ್ಲವನ್ನೂ "ಉಲನ್" ಎಂದು ಕರೆದರೂ ಈಗಿನ ಕಾಲದಲ್ಲಿ ಅದರ ಬಹುಭಾಗವು ಆಕ್ರಿಲಿಕ್ ಎಂಬ ಕೃತ್ರಿಮ ನೂಲೇ ಆಗಿರುತ್ತದೆ. ಅದು ಅಗ್ಗ, ನುಸಿ ತಿನ್ನುವದಿಲ್ಲ, ಒಗೆಯುವದು ಸುಲಭ. ನಿಜವಾದ ಉಣ್ಣೆಯ ಬೆಚ್ಚಗೆ ಅದಕ್ಕಿಲ್ಲ. ಆದರೂ ಬೆಳಗಾವಿಯ ಚಳಿಗೆ ಸಾಕೆಂದು ನನ್ನ ಅಭಿಪ್ರಾಯ.

ಖಾನಾಪುರದ ಹೆಣಿಗೆಯವಳಿಗೆ ಬೇಕಾದ ಬಣ್ಣವು ಅಲ್ಲಿ ಸಿಗದಿದ್ದರೆ ಬಸ್ಸು ಹಿಡಿದು ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿಗೆ ಬಂದು ಖಡೇಬಜಾರ, ಗಣಪತಿ ಗಲ್ಲಿಗಳಲ್ಲಿ ತಿರುಗಬೇಕು. ಡಿಸೆಂಬರಿನಲ್ಲಿ ವಿಧಾನಮಂಡಲದ ಅಧಿವೇಶನವು ಸುವರ್ಣ ವಿಧಾನಸೌಧದಲ್ಲಿ ಕೂಡಿತೆಂದರೆ ಊರೆಲ್ಲ ಗದ್ದಲವಾಗಿ ಅರ್ಧ ದಿನದ ಕೆಲಸಕ್ಕೆ ಪೂರ್ಣ ದಿನವು ಹೋಗುತ್ತದೆ. ಅಂಗಡಿಯಲ್ಲಿ ಅವಳು ಮೊದಲು ನೋಡುವದು ಬಣ್ಣವನ್ನಲ್ಲ, ಉಂಡೆಯ ಪಟ್ಟಿಯ ಮೇಲೆ ಅಚ್ಚಾದ ಲಾಟ್ ಸಂಖ್ಯೆಯನ್ನು. ನೂಲಿಗೆ ಬಣ್ಣ ಹಾಕುವಾಗ ಒಂದೊಂದು ಹಂಡೆಯಿಂದ ಬರುವ ಛಾಯೆಯು ತುಸು ಬೇರೆಯಾಗಿರುತ್ತದೆ. ಅಂಗಡಿಯ ದೀಪದಲ್ಲಿ ಎರಡೂ ಒಂದೇ ಕೆಂಪು. ಹೆಣೆದು ಬಿಸಿಲಿಗೆ ಹಿಡಿದರೆ ಎದೆಯ ಮೇಲೆ ಗೆರೆಯು ಎದ್ದು ಕಾಣುವದು. ಆದಕಾರಣ ಒಂದು ಸ್ವೆಟರಿಗೆ ಬೇಕಾದ ನೂಲನ್ನೆಲ್ಲ ಒಂದೇ ಸಲ, ಒಂದೇ ಲಾಟಿನದನ್ನು ಕೊಳ್ಳಬೇಕು. ನಾಲ್ಕು ವರುಷದ ಮಗುವಿಗೆ ಸುಮಾರು 200 ಗ್ರಾಂ, ದೊಡ್ಡವರಿಗೆ 500ರಿಂದ 600 ಗ್ರಾಂ. ಡಿಸೆಂಬರ್ 20ರಂದು ಬಂದು "ತೋಳು ಎರಡು ಇಂಚು ಉದ್ದವಿರಲಿ" ಎನ್ನುವ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು. ಕೇಳುವದು ಎರಡೇ ಇಂಚು. ಆದರೆ ಆ ಲಾಟು ಅಷ್ಟರಲ್ಲಿ ಅಂಗಡಿಯಿಂದ ಮುಗಿದುಹೋಗಿರುತ್ತದೆ.

ಇನ್ನು ಎಣಿಕೆ. ಗಣಿತವು ಹೆಣ್ಣುಮಕ್ಕಳಿಗೆ ಏತಕ್ಕೆಂದು ಹಿಂದಿನ ಕಾಲದಲ್ಲಿ ಕೇಳುತ್ತಿದ್ದವರನ್ನು ಒಬ್ಬ ಹೆಣಿಗೆಯವಳ ಮುಂದೆ ಕೂಡ್ರಿಸಬೇಕಾಗಿತ್ತು. ಸಾಧಾರಣ ದಪ್ಪದ ನೂಲನ್ನು ಎಂಟನೆಯ ನಂಬರಿನ ಸೂಜಿಯಿಂದ ಹೆಣೆದರೆ 4 ಇಂಚು ಅಗಲಕ್ಕೆ 22 ಕುಣಿಕೆ, 4 ಇಂಚು ಎತ್ತರಕ್ಕೆ 30 ಸಾಲು ಬರುತ್ತವೆ. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ತರವಾದ್ದರಿಂದ ಬಲ್ಲವಳು ಮೊದಲು ಒಂದು ಚೌಕವನ್ನು ಹೆಣೆದು ಅಳೆದೇ ಮುಂದುವರಿಯುವಳು. ಎದೆಯ ಸುತ್ತಳತೆ 40 ಇಂಚು ಬರುವ ಸ್ವೆಟರಿಗೆ ಸುತ್ತಲೂ 220 ಕುಣಿಕೆ, 24 ಇಂಚು ಉದ್ದಕ್ಕೆ 180 ಸಾಲು, ಗುಣಿಸಿದರೆ 39,600. ಒಂದು ತೋಳು ಸರಾಸರಿ 14 ಇಂಚು ಅಗಲ, 18 ಇಂಚು ಉದ್ದವೆಂದರೆ ಹತ್ತು ಸಾವಿರಕ್ಕೆ ಮೇಲೆ. ಎರಡು ತೋಳುಗಳನ್ನು ಕೂಡಿಸಿದರೆ ಒಟ್ಟು ಸುಮಾರು 60,000 ಕುಣಿಕೆಗಳಾದವು. ಕಂಕುಳಿನ ಹತ್ತಿರ ಕಡಿಮೆಯಾಗುವ ಕುಣಿಕೆಗಳನ್ನು ಕೊರಳಪಟ್ಟಿಯು ತಿರುಗಿ ತೆಗೆದುಕೊಳ್ಳುತ್ತದೆ.

ಕೈ ನುರಿತವಳು ನಿಮಿಷಕ್ಕೆ 30 ಕುಣಿಕೆಗಳನ್ನು ಹಾಕುವಳೆಂದು ಹಿಡಿಯೋಣ. 60,000ಕ್ಕೆ 2,000 ನಿಮಿಷ, ಅಂದರೆ 33 ತಾಸು. ತುಂಡುಗಳನ್ನು ಕೂಡಿಸಿ ಹೊಲಿಯುವದು, ಎಳೆಯ ತುದಿಗಳನ್ನು ಒಳಗೆ ಅಡಗಿಸುವದು, ಗುಂಡಿ ಹಚ್ಚುವದು, ಇವುಗಳಿಗೆ ಇನ್ನು ಮೂರು ತಾಸು. ಒಟ್ಟು 36 ತಾಸು. ನಾಲ್ಕು ವರುಷದ ಮಗುವಿನ ಸ್ವೆಟರಿಗೆ ಸುಮಾರು 25,000 ಕುಣಿಕೆ; ಹೊಲಿಗೆ ಸೇರಿ 16 ತಾಸು. ಇದು ಸಾದಾ ಹೆಣಿಗೆಯ ಲೆಕ್ಕ. ಎದೆಯ ಮೇಲೆ ಹೆಣಿಕೆಯ ಜಡೆಯಾಗಲಿ, ಬಣ್ಣದ ನಕ್ಷತ್ರವಾಗಲಿ ಬೇಕೆಂದರೆ ಲೆಕ್ಕವು ಬೆಳೆಯುವದು.

ಈಗ ಅವಳಿಗೆ ದಿನದಲ್ಲಿ ಎಷ್ಟು ತಾಸುಗಳು ಸಿಗುತ್ತವೆಂಬದನ್ನು ನೋಡೋಣ. ಖಾನಾಪುರದ ಸಮೀಪದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ದಿನಚರಿಯನ್ನು ಅವಳ ಅನುಮತಿಯಿಂದಲೇ ಇಲ್ಲಿ ಹೇಳುತ್ತೇನೆ, ಹೆಸರು ಬೇಡವೆಂದಿದ್ದಾಳೆ. ಅವಳ ಮನೆಯಲ್ಲಿ ಗಂಡ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ತುಸು ಬತ್ತದ ಗದ್ದೆ ಇವೆ. ಕ್ರಿಸ್ತ ಜಯಂತಿಯ ಹೆಣಿಗೆಯ ಕಾಲವೂ ಖಾನಾಪುರದ ಬತ್ತದ ಸುಗ್ಗಿಯ ಕಾಲವೂ ಒಂದರ ಮೇಲೊಂದು ಬರುವದೇ ಅವಳ ಮುಖ್ಯ ಅಡಚಣೆಯು. ಬೆಳಿಗ್ಗೆ ಐದಕ್ಕೆ ಎದ್ದು ನೀರು ಕಾಯಿಸಿ, ಭಾಕರಿ ತಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬುತ್ತಿಯನ್ನು ಹೊತ್ತುಕೊಂಡು ಗದ್ದೆಗೆ ಹೋಗುತ್ತಾಳೆ. ಮಧ್ಯಾಹ್ನದ ತನಕ ಸಿವುಡು ಕಟ್ಟುವದು, ಕಣದ ಕೆಲಸ. ಎರಡು ಗಂಟೆಗೆ ಮನೆಗೆ ಬಂದು ಮಾಡುವ ಮೊದಲನೆಯ ಕೆಲಸವೆಂದರೆ ಕೈ ತೊಳೆಯುವದು. ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ಹುಲ್ಲಿನಿಂದ ಗೀರಿ ಒರಟಾದ ಬೆರಳುಗಳಿಗೆ ನೂಲಿನ ಎಳೆಗಳು ಸಿಕ್ಕಿಕೊಳ್ಳುತ್ತವೆ. ಎಣ್ಣೆ ಹಚ್ಚಿದರೆ ನೂಲಿಗೆ ಕಲೆ. ಆದದರಿಂದ ಕೊಬ್ಬರಿ ಎಣ್ಣೆಯನ್ನು ತಿಕ್ಕಿ, ಕಡಲೆಹಿಟ್ಟಿನಿಂದ ತೊಳೆದು, ಒರೆಸಿಕೊಂಡು, ತಿಳಿಬಣ್ಣದ ಕೆಲಸವಿದ್ದರೆ ಮಡಿಲ ಮೇಲೆ ಬಿಳಿಯ ಬಟ್ಟೆಯನ್ನು ಹಾಸಿಕೊಂಡು ಕೂಡುತ್ತಾಳೆ.

ಎರಡರಿಂದ ನಾಲ್ಕರ ತನಕದ ಬೆಳಕು ಅವಳಿಗೆ ಬಂಗಾರವಿದ್ದಂತೆ. ಕೊರಳಿನ ಕುಣಿಕೆಗಳನ್ನು ಎತ್ತಿಕೊಳ್ಳುವದು, ಗುಂಡಿಮನೆ, ಬಣ್ಣ ಬದಲಿಸುವದು, ಕಪ್ಪು ಅಥವಾ ಕಡುನೀಲಿ ನೂಲಿನ ಕೆಲಸ, ಇವೆಲ್ಲ ಆ ಎರಡು ತಾಸಿಗಾಗಿಯೇ ಕಾಯುತ್ತವೆ. ಕಡುಬಣ್ಣದ ಕುಣಿಕೆಯು ದೀಪದ ಬೆಳಕಿನಲ್ಲಿ ಕಣ್ಣಿಗೆ ಹತ್ತುವದಿಲ್ಲ. ನಾಲ್ಕಾದ ಮೇಲೆ ಮಕ್ಕಳು, ಚಹ, ಅವರ ಪಾಠ, ಅಡಿಗೆ. ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆಯಾದ ಮೇಲೆ ತಿರುಗಿ ಸೂಜಿಯನ್ನು ಹಿಡಿದು ಹತ್ತೂವರೆಯ ತನಕ ಸಾದಾ ಸಾಲುಗಳನ್ನು ಹೆಣೆಯುತ್ತಾಳೆ. ಅದಕ್ಕೆ ಕಣ್ಣು ಬೇಡ. ವಿದ್ಯುತ್ತು ಹೋದರೂ ಬೆರಳುಗಳು ನಿಲ್ಲುವದಿಲ್ಲ. ಬರುವ ತನಕ ನಾಲ್ಕು ಸಾಲು ಮುಂದುವರಿದಿರುತ್ತವೆ. ಕತ್ತಲೆಯಲ್ಲಿ ಒಂದು ಕುಣಿಕೆಯು ಜಾರಿದ್ದರೆ ಮಾತ್ರ ಮರುದಿನ ಎರಡು ಗಂಟೆಗೆ ಅದು ಏಣಿಯಂತೆ ಕೆಳಗಿಳಿದು ಕುಳಿತಿರುತ್ತದೆ. ಕ್ರೋಶದ ಕಡ್ಡಿಯಿಂದ ಮೇಲೆತ್ತಬಹುದು. ವಿನ್ಯಾಸವೇ ತಪ್ಪಿದ್ದರೆ ಬಿಚ್ಚುವದೇ ಗತಿ. ಎರಡು ತಾಸಿನ ಕೆಲಸವನ್ನು ಬಿಚ್ಚಲು ಐದು ನಿಮಿಷವೂ ಹಿಡಿಯುವದಿಲ್ಲ.

ಹೀಗೆ ದಿನಕ್ಕೆ ನಾಲ್ಕು ತಾಸು. ನವೆಂಬರ್ 15ರಿಂದ ಡಿಸೆಂಬರ್ 24ರ ತನಕ 40 ದಿನಗಳು. ಭಾನುವಾರ ಅವಳು ಸೂಜಿಯನ್ನು ಮುಟ್ಟುವದಿಲ್ಲ. ಉಳಿದ 35 ದಿನಗಳಿಗೆ 140 ತಾಸು. ಅಂದರೆ ಹಬ್ಬದೊಳಗೆ ಅವಳಿಂದ ಆಗತಕ್ಕದ್ದು ದೊಡ್ಡವರ ಹೆಚ್ಚುಕಡಿಮೆ ನಾಲ್ಕು ಸ್ವೆಟರು, ಇಲ್ಲವೆ ಮಕ್ಕಳ ಎಂಟು. ಇದರಲ್ಲಿ ಮನೆಯಲ್ಲಿ ಯಾರಿಗೂ ಜ್ವರ ಬರಬಾರದು, ನೆಂಟರು ಬರಬಾರದು, ಹಬ್ಬದ ಕರ್ಚಿಕಾಯಿ ಚಕ್ಕುಲಿಗಳನ್ನು ಬೇರೆ ಯಾರಾದರೂ ಮಾಡಬೇಕು. ಕ್ಯಾರೊಲ್ ಹಾಡುವವರು ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿದರೆ ಎದ್ದು ಇಪ್ಪತ್ತು ಜನರಿಗೆ ಚಹ ಮಾಡುವವಳೂ ಅವಳೇ. ಅವರು ಹಾಡುವದು ಸಂತೋಷದ ಸಮಾಚಾರವನ್ನೇ, ಸಂಶಯವಿಲ್ಲ. ಆದರೂ ಒಂಬತ್ತಕ್ಕೇ ಬಂದರೆ ಅದು ಕಡಿಮೆ ಸಂತೋಷದ್ದಾಗದು.

ಬೆಳಗಾವಿಯ ಕ್ಯಾಂಪು ಭಾಗದಲ್ಲಿ ಹೆಣೆಯುವ ಹೆಂಗಸರಿಗೆ ಗದ್ದೆಯ ಕೆಲಸವಿಲ್ಲ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಅವರಿಗೆ ಸಮಯವುಂಟು, ಕಣ್ಣಿಲ್ಲ. ಹೆಬ್ಬೆರಳಿನ ಬುಡದ ನೋವು, ಮಣಿಕಟ್ಟಿನ ನೋವು, ಕುತ್ತಿಗೆಯ ಸೆಳೆತ ಇವು ಎಲ್ಲರಿಗೂ ಸಮಾನ. ಅರ್ಧ ತಾಸಿಗೊಮ್ಮೆ ಸೂಜಿಯನ್ನು ಕೆಳಗಿಟ್ಟು ಕೈ ಬಿಡಿಸಿಕೊಳ್ಳಬೇಕೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಡಿಸೆಂಬರಿನಲ್ಲಿ ಯಾರೂ ಅದನ್ನು ಪಾಲಿಸುವದಿಲ್ಲ.

ಸ್ವೆಟರುಗಳ ಹೊರತಾಗಿ ಹಬ್ಬಕ್ಕೆ ಸಣ್ಣ ಕೆಲಸಗಳು ಬಹಳ ಬರುತ್ತವೆ. ಹಬ್ಬದ ಆರಾಧನೆಯಲ್ಲಿ ದೀಕ್ಷಾಸ್ನಾನವಾಗುವ ಕೂಸುಗಳಿಗೆ ಕುಲಾವಿ, ಕಾಲುಚೀಲ, ಶಾಲು, ಅಜ್ಜಂದಿರಿಗೆ ಮಫ್ಲರು, ನಾಟಕದಲ್ಲಿ ಕುರುಬರಾಗುವ ಹುಡುಗರಿಗೆ ಟೋಪಿ. ಇವುಗಳನ್ನು ತರುವವರು ಸಾಮಾನ್ಯವಾಗಿ ಬಂಧುಗಳೇ. "ಅಕ್ಕಾ, ಸಣ್ಣದೊಂದು ಕುಲಾವಿ ಅಷ್ಟೇ" ಎಂದು ಹೇಳಿ ನೂಲಿನ ಉಂಡೆಯನ್ನು ಅವಳ ಕೈಯಲ್ಲಿಟ್ಟು ಹೋಗುವರು. ಕುಲಾವಿಯು ಸಣ್ಣದೇ, ಆದರೆ ಅದಕ್ಕೂ ಮೂರು ನಾಲ್ಕು ತಾಸು ಬೇಕು, ಅಂದರೆ ಅವಳ ಇಡೀ ಒಂದು ದಿನದ ಹೆಣಿಗೆಯು ಹೋಯಿತು. ಬಂಧುತ್ವದಲ್ಲಿ ದುಡ್ಡಿನ ಮಾತು ಬರುವದಿಲ್ಲ.

ದುಡ್ಡಿನ ಮಾತನ್ನು ನಾನೇ ತೆಗೆಯುತ್ತೇನೆ. ಯಂತ್ರದಲ್ಲಿ ಹೆಣೆದ ಸ್ವೆಟರುಗಳು ಲುಧಿಯಾನದಿಂದ ಗಟ್ಟಲೆಯಾಗಿ ಬಂದು ಚಳಿಗಾಲದಲ್ಲಿ ನಮ್ಮ ನಗರಗಳ ರಸ್ತೆಯ ಬದಿಗಳಲ್ಲಿ ಮಾರಾಟವಾಗುತ್ತವೆ. ಗಿರಾಕಿಯು ಆ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣಿಗೆಯವಳಲ್ಲಿಗೆ ಬರುತ್ತಾನೆ. ಯಂತ್ರಕ್ಕೂ ಕೈಗೂ ಇರುವ ಈ ಜಗಳವು ಹೊಸದಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಲೀ ಎಂಬವನು 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದಾಗ ಒಂದನೆಯ ಎಲಿಜಬೆತ್ ರಾಣಿಯು, ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರ ಗತಿಯೇನೆಂದು ಅವನಿಗೆ ಸನ್ನದನ್ನು ಕೊಡಲಿಲ್ಲವೆಂಬ ಕಥೆಯುಂಟು. ಯಂತ್ರವನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಬಡವರ ಮಕ್ಕಳು ಅದರಿಂದಲೇ ಬೆಚ್ಚಗಿದ್ದಾರೆ. ಆದರೆ ಕೈಯ ಕೆಲಸವನ್ನು ಬೇಡಿ ಯಂತ್ರದ ಬೆಲೆಯನ್ನು ಕೊಡುವದು ಯಾವ ನ್ಯಾಯವು?

ಲೆಕ್ಕವನ್ನೇ ನೋಡಿರಿ. ನೂಲಿನ ಬೆಲೆಯನ್ನು ಬದಿಗಿಡೋಣ. ದೊಡ್ಡವರ ಸ್ವೆಟರಿಗೆ 36 ತಾಸೆಂದರೆ ಎಂಟು ತಾಸಿನ ನಾಲ್ಕೂವರೆ ದಿನಗಳು. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಯೋಜನೆಯಂತೆ ಮಣ್ಣು ಹೊರುವ ಕೆಲಸಕ್ಕೆ ದಿನಕ್ಕೆ 349 ರೂಪಾಯಿ ಕೂಲಿ ಇದ್ದಿತು. ಆ ದರದಿಂದ ನಾಲ್ಕೂವರೆ ದಿನಕ್ಕೆ 1,570 ರೂಪಾಯಿ ಆಗುತ್ತದೆ. ಹೆಣಿಗೆಯವಳ ಕೈಗೆ 700 ರೂಪಾಯಿ ಕೊಟ್ಟು "ಹೆಚ್ಚಾಯಿತು" ಎನ್ನುವವರು ಅವಳಿಗೆ ದಿನಕ್ಕೆ 156 ರೂಪಾಯಿ ಕೊಟ್ಟಂತಾಯಿತು. ಮಣ್ಣು ಹೊರುವ ಕೂಲಿಯ ಅರ್ಧವೂ ಅಲ್ಲ. ಮನೆಯಲ್ಲಿ ಸುಮ್ಮನೆ ಕೂಡುವ ಬದಲಾಗಿ ಹೆಣೆಯುತ್ತಾಳೆಂಬ ಮಾತನ್ನು ಸುಶಿಕ್ಷಿತರ ಬಾಯಿಂದಲೂ ಕೇಳಿದ್ದೇನೆ. ಮೇಲೆ ಹೇಳಿದ ದಿನಚರಿಯಲ್ಲಿ ಅವಳು ಸುಮ್ಮನೆ ಕುಳಿತದ್ದು ಯಾವ ಗಳಿಗೆಯಲ್ಲೆಂದು ಅವರು ಹುಡುಕಿ ತೋರಿಸಲಿ. ಜ್ಞಾನೋಕ್ತಿಗಳ ಕಡೆಯ ಅಧ್ಯಾಯದ ಗುಣವತಿಯಾದ ಸ್ತ್ರೀಯು ಉಣ್ಣೆಯನ್ನು ತಂದು ದುಡಿಯುವ ಸಂಗತಿಯು ನಮ್ಮ ಸಭೆಗಳಲ್ಲಿ ಎಲ್ಲರಿಗೂ ನೆನಪಿರುತ್ತದೆ. ಆಕೆಯ ಕೈಕೆಲಸದ ಫಲವು ಆಕೆಗೇ ಸಲ್ಲಬೇಕೆಂದು ಆ ಅಧ್ಯಾಯವು ಮುಗಿಯುವದನ್ನು ಅಷ್ಟಾಗಿ ನೆನಪಿಡುವದಿಲ್ಲ.

ಖಾನಾಪುರದ ನಮ್ಮ ವಿದ್ಯಾರ್ಥಿನಿಯು ಮೂರು ವರುಷಗಳಿಂದ ಒಂದು ನಿಯಮವನ್ನು ಮಾಡಿಕೊಂಡಿದ್ದಾಳೆ. ತಾಸಿಗೆ ಇಷ್ಟು ಎಂದು ಮೊದಲೇ ಹೇಳಿ, ಹಿಡಿದ ತಾಸುಗಳನ್ನು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಗಿರಾಕಿಗೆ ಅದನ್ನೇ ತೋರಿಸುತ್ತಾಳೆ. ಮೊದಲನೆಯ ವರುಷ ಅರ್ಧದಷ್ಟು ಜನರು ತಿರುಗಿ ಬರಲಿಲ್ಲ. ಉಳಿದ ಅರ್ಧದವರು ಈಗ ಗಣೇಶ ಚತುರ್ಥಿಯ ಹೊತ್ತಿಗೇ ಅಳತೆಯನ್ನು ಕೊಟ್ಟು ಹೋಗುತ್ತಾರೆ. ಮಗಳ ಕಾಲೇಜಿನ ಫೀಯಲ್ಲಿ ಒಂದು ಕಂತು ಈ ನೋಟುಬುಕ್ಕಿನಿಂದ ಬಂದಿದೆ.

ಆದ್ದರಿಂದ ಹೆಣೆಯಿಸಬೇಕೆನ್ನುವವರು ದಸರೆಯೊಳಗೆ ಹೇಳಬೇಕು. ಮಳೆಗಾಲದಲ್ಲಿಯೇ ಹೇಳಿದರೆ ಇನ್ನೂ ಉತ್ತಮ; ಖಾನಾಪುರದ ಮಳೆಯಲ್ಲಿ ಹೊರಗಿನ ಕೆಲಸವು ಕಡಿಮೆ ಇರುವ ದಿನಗಳು ಹೆಣಿಗೆಗೆ ಅನುಕೂಲ. ನೂಲಿನ ದುಡ್ಡನ್ನು ಮುಂಗಡವಾಗಿ ಕೊಡಬೇಕು. ಮಗುವಿನ ವಯಸ್ಸನ್ನು ಹೇಳಿದರೆ ಸಾಲದು. ಎದೆಯ ಸುತ್ತಳತೆ, ಹೆಗಲಿನಿಂದ ಸೊಂಟದ ತನಕದ ಉದ್ದ, ಕಂಕುಳಿನಿಂದ ಮಣಿಕಟ್ಟಿನ ತನಕದ ತೋಳು, ಇಷ್ಟನ್ನು ಅಳೆದು ಚೀಟಿಯಲ್ಲಿ ಬರೆದು ಕೊಡಬೇಕು. ಎದೆಗೆ ಎರಡು ಮೂರು ಇಂಚು ಸಡಿಲನ್ನು ಅವಳೇ ಸೇರಿಸಿಕೊಳ್ಳುವಳು.

ಒಗೆಯುವ ವಿಷಯದಲ್ಲಿಯೂ ಒಂದು ಮಾತು. ನಿಜವಾದ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದರೊಳಗೊಂದು ಸಿಕ್ಕಿ ಸ್ವೆಟರು ಕುಗ್ಗಿ ಕಂಬಳಿಯ ತುಂಡಿನಂತಾಗುವದು. ಉಗುರುಬೆಚ್ಚಗಿನ ನೀರಿನಲ್ಲಿ ತಿಕ್ಕದೆ ಹಿಚುಕಿ, ಚಾಪೆಯ ಮೇಲೆ ನೆರಳಿನಲ್ಲಿ ಹಾಸಿ ಒಣಗಿಸಬೇಕು. ಆಕ್ರಿಲಿಕ್ ಕುಗ್ಗದು, ಆದರೆ ಕಾದ ಇಸ್ತ್ರಿಯನ್ನು ಇಟ್ಟರೆ ಜೀವ ಕಳಕೊಂಡು ಜೋತುಬೀಳುವದು. ಉಣ್ಣೆಯದನ್ನು ಮಳೆಗಾಲಕ್ಕೆ ಎತ್ತಿಡುವಾಗ ಚೆನ್ನಾಗಿ ಒಣಗಿಸಿ ಬೇವಿನ ಎಲೆಯನ್ನೋ ಕರ್ಪೂರವನ್ನೋ ಸಂಗಡ ಇಡಬೇಕು.

ಮಗುವು ಬೆಳೆದು ಸ್ವೆಟರು ಗಿಡ್ಡವಾದರೆ ಎಸೆಯಬೇಡಿರಿ. ಹೊಲಿಗೆಗಳನ್ನು ಬಿಡಿಸಿ, ಕೊರಳಿನ ಕಡೆಯಿಂದ ಎಳೆದರೆ ನೂಲೆಲ್ಲ ತಿರುಗಿ ಬರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿಯಾಗಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳಗೆ ಹಗುರಾದ ಭಾರವನ್ನು ಕಟ್ಟಿ ತೂಗುಹಾಕಿದರೆ ಎಳೆಯ ಸುರುಳಿಯು ನೇರವಾಗುವದು. ಹೊಸ ನೂಲಿನ ಒಂದೆರಡು ಉಂಡೆಗಳನ್ನು ಸೇರಿಸಿ ಪಟ್ಟೆಪಟ್ಟೆಯಾಗಿ ಹೆಣೆದರೆ ಲಾಟಿನ ತೊಡಕೂ ಬರುವದಿಲ್ಲ. ಈ ಕೆಲಸಕ್ಕೆ ಜನವರಿ ತಿಂಗಳು ಒಳ್ಳೆಯದು. ಸುಗ್ಗಿಯೂ ಹಬ್ಬವೂ ಮುಗಿದಿರುತ್ತವೆ, ಹೆಣಿಗೆಯವಳಿಗೆ ಆಗ ಕೆಲಸವೂ ಬೇಕಾಗಿರುತ್ತದೆ.